ಖಾಲಿ ಸೀಸೆಯ ಬೆಲೆ: ನಗರಗಳಲ್ಲಿ ಗಾಜಿನ ಮರುಬಳಕೆ ನಡೆದು ಬಂದ ದಾರಿ

ನಗರದ ಕಸದ ಬಗ್ಗೆ ನಾವು ಮಾತಾಡುವಾಗ ಗಾಜಿನ ಹೆಸರು ಬರುವುದು ಅಪರೂಪ. ಅದು ಪ್ಲಾಸ್ಟಿಕ್ಕಿನಂತೆ ಗಾಳಿಗೆ ಹಾರಿ ಮರದ ಕೊಂಬೆಗೆ ಸಿಕ್ಕಿಕೊಳ್ಳುವುದಿಲ್ಲ, ಹಸಿ ಕಸದಂತೆ ಎರಡೇ ದಿನಕ್ಕೆ ನಾರುವುದಿಲ್ಲ. ಆದರೆ ಕಸ ಎತ್ತುವವರಿಗೆ ಗಾಜಿನ ಕಷ್ಟ ಚೆನ್ನಾಗಿ ಗೊತ್ತು. ಪೌರಕಾರ್ಮಿಕರ ಬೆರಳು ಕೊಯ್ಯುವುದು ಗಾಜು. ಗುಜರಿ ಅಂಗಡಿಯವರು ಬೇಡವೆಂದು ಪಕ್ಕಕ್ಕೆ ತಳ್ಳುವುದು ಒಡೆದ ಗಾಜು. ಕೊನೆಗೆ ಊರಾಚೆಯ ಕಸದ ಗುಡ್ಡ ಸೇರಿ, ಕೊಳೆಯದೆ ಕರಗದೆ ಉಳಿಯುವುದೂ ಅದೇ.

ಹೀಗೆ ಹೂತುಹೋಗುತ್ತಿರುವುದು ಎಷ್ಟು ಸಲ ಕರಗಿಸಿದರೂ ಗುಣ ಕೆಡದ ವಸ್ತು. ಕಾಗದದ ನಾರು ಪ್ರತಿ ಸುತ್ತಿನಲ್ಲೂ ಗಿಡ್ಡವಾಗುತ್ತದೆ, ಪ್ಲಾಸ್ಟಿಕ್ ಪ್ರತಿ ಸುತ್ತಿನಲ್ಲೂ ಸೊರಗುತ್ತದೆ. ಇಂದಿನ ಸೀಸೆ ಮಾತ್ರ ನಾಳೆ ಮತ್ತೆ ಅಂಥದೇ ಸೀಸೆಯಾಗಬಲ್ಲದು. ಹಾಗಿದ್ದೂ ನಗರಗಳು ಇದರಲ್ಲಿ ಏಕೆ ಸೋಲುತ್ತವೆ? ಗಾಜಿನ ಮರುಬಳಕೆಯ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಾಜನ್ನು ಕರಗಿಸುವುದು ಎಂದೂ ಸಮಸ್ಯೆಯಾಗಿರಲಿಲ್ಲ. ಮನೆಬಾಗಿಲಲ್ಲಿ ಖಾಲಿ ಸೀಸೆಗೆ ಬೆಲೆ ಇದ್ದಾಗಲೆಲ್ಲ ಮರುಬಳಕೆ ತಾನಾಗಿ ನಡೆಯಿತು, ಆ ಬೆಲೆ ಹೋದಾಗಲೆಲ್ಲ ನಿಂತಿತು.

ಕುಲುಮೆಯ ಲೆಕ್ಕ

ಗಾಜಿಗೆ ಬೇಕಾದದ್ದು ಮುಖ್ಯವಾಗಿ ಮೂರು ಪದಾರ್ಥ: ಸಿಲಿಕಾ ಮರಳು, ಸೋಡಾ ಆಶ್, ಸುಣ್ಣಕಲ್ಲು. ಇವು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಒಂದಾಗುತ್ತವೆ. ಅಷ್ಟು ಶಾಖಕ್ಕೆ ಉರಿಸುವ ಇಂಧನದಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸೋಡಾ ಮತ್ತು ಸುಣ್ಣಕಲ್ಲು ಒಡೆಯುವಾಗ ಅವುಗಳೊಳಗಿನಿಂದಲೂ ಅದೇ ಅನಿಲ ಹೊರಬೀಳುತ್ತದೆ.

ಇದೇ ಕುಲುಮೆಗೆ ಹಳೆಯ ಗಾಜಿನ ಚೂರು, ಅಂದರೆ ಉದ್ಯಮದವರು ‘ಕಲೆಟ್’ ಎನ್ನುವ ಸರಕು, ಹಾಕಿದರೆ ಲೆಕ್ಕ ಬದಲಾಗುತ್ತದೆ. ಅದು ಒಮ್ಮೆ ಗಾಜಾಗಿ ಮುಗಿದಿರುವುದರಿಂದ ಕಡಿಮೆ ಶಾಖದಲ್ಲೇ ಕರಗುತ್ತದೆ. ಮಿಶ್ರಣದಲ್ಲಿ ಚೂರಿನ ಪಾಲು ಶೇ 10ರಷ್ಟು ಹೆಚ್ಚಿದಂತೆಲ್ಲ ಇಂಧನದ ಖರ್ಚು ಶೇ 2.5ರಿಂದ 3ರಷ್ಟು ಇಳಿಯುತ್ತದೆ. ಒಂದು ಟನ್ ಚೂರು ಸುಮಾರು 1.2 ಟನ್ ಕಚ್ಚಾವಸ್ತುವಿನ ಜಾಗ ತುಂಬುತ್ತದೆ. ಕುಲುಮೆಯ ಆಯಸ್ಸೂ ಹೆಚ್ಚುತ್ತದೆ. ಹೀಗಾಗಿ ಗಾಜಿನ ಕಾರ್ಖಾನೆಗಳಿಗೆ ಚೂರು ಬೇಕೇ ಬೇಕು, ಆದರೆ ಅದು ಶುದ್ಧವಾಗಿರಬೇಕು. ಒಂದು ಪಿಂಗಾಣಿ ಕಪ್ಪಿನ ಚೂರು ಸೇರಿದರೂ ಕರಗದ ಕಲ್ಲಾಗಿ ಉಳಿದು ಹೊಸ ಬಾಟಲಿಯ ಗೋಡೆಯನ್ನು ದುರ್ಬಲಗೊಳಿಸುತ್ತದೆ. ಪ್ರಯೋಗಾಲಯದ ಬೊರೊಸಿಲಿಕೇಟ್ ಪಾತ್ರೆ ಬೇರೆಯೇ ಜಾತಿಯ ಗಾಜು; ಟ್ಯೂಬ್‌ಲೈಟ್, ಕನ್ನಡಿಗಳೂ ಸೀಸೆಯ ಗಾಜಿನೊಡನೆ ಬೆರೆಯಬಾರದು. ಬಿಳಿ, ಹಸಿರು, ಕಂದು ಬಣ್ಣಗಳು ಬೆರೆತರೆ ಬಿಳಿ ಸೀಸೆ ಮಾಡಲು ಬರುವುದಿಲ್ಲ. ಗಾಜಿನ ಬೆಲೆ ನಿರ್ಧಾರವಾಗುವುದು ಅದನ್ನು ಎಷ್ಟು ಜೋಪಾನವಾಗಿ ಬೇರ್ಪಡಿಸಿದ್ದೇವೆ ಎಂಬುದರ ಮೇಲೆ.

ರೋಮ್‌ನ ಬೀದಿ, ಮತ್ತೋಡಿನ ಕುಲುಮೆ

ಹಳೆಯ ಕಾಲದವರಿಗೆ ಇದು ತಿಳಿದಿತ್ತು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಕವಿ ಮಾರ್ಷಲ್ ತನ್ನ ಪದ್ಯವೊಂದರಲ್ಲಿ, ಗಂಧಕ ಸವರಿದ ಕಡ್ಡಿ ಕೊಟ್ಟು ಒಡೆದ ಗಾಜು ಪಡೆಯುವ ಬೀದಿ ವ್ಯಾಪಾರಿಯನ್ನು ಪ್ರಸ್ತಾಪಿಸುತ್ತಾನೆ. ಇಟಲಿಯ ಗ್ರಾಡೊ ಬಳಿ 1986ರಲ್ಲಿ ಪತ್ತೆಯಾದ ‘ಯೂಲಿಯಾ ಫೆಲಿಕ್ಸ್’ ಎಂಬ ರೋಮನ್ ಹಡಗಿನ ಅವಶೇಷದಲ್ಲಿ ಒಂದು ಮರದ ಪೀಪಾಯಿ ಸಿಕ್ಕಿತು. ಅದರೊಳಗೆ 11,000ಕ್ಕೂ ಹೆಚ್ಚು ಗಾಜಿನ ಚೂರುಗಳಿದ್ದವು, ಎಲ್ಲವೂ ಮತ್ತೆ ಕರಗಿಸಲು ಹೊರಟ ಸರಕು. ಟರ್ಕಿಯ ಸೆರ್ಚೆ ಲಿಮಾನಿಯಲ್ಲಿ ಮುಳುಗಿದ್ದ 11ನೆಯ ಶತಮಾನದ ಹಡಗಿನಲ್ಲಿ ಸುಮಾರು ಮೂರು ಟನ್ ಕಚ್ಚಾ ಗಾಜು ಮತ್ತು ಒಡೆದ ಪಾತ್ರೆಗಳ ಚೂರು ದೊರೆತವು. ಸಮುದ್ರ ದಾಟಿಸಿ ಮಾರುವಷ್ಟು ಬೆಲೆ ಒಡೆದ ಗಾಜಿಗಿತ್ತು.

ಗಾಜು ಎಷ್ಟು ದುಬಾರಿ ದುಡಿಮೆಯ ಫಲ ಎಂಬುದಕ್ಕೆ ಕನ್ನಡ ನಾಡಿನಲ್ಲೂ ಸಾಕ್ಷಿಯಿದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವವರ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಣಚುಕಲ್ಲು, ಸೌಳು ಮಣ್ಣಿನಿಂದ ತೆಗೆದ ಸೋಡಾ, ಸೌದೆಯ ಬೆಂಕಿ ಇವಿಷ್ಟರಿಂದ ಅವರು ಬಣ್ಣಬಣ್ಣದ ಗಾಜು ತೆಗೆಯುತ್ತಿದ್ದರು. ಕಲ್ಲು, ಸೋಡಾ, ಬೆಂಕಿ: ಇಂದಿನ ಕಾರ್ಖಾನೆಗೂ ಬೇಕಾದದ್ದು ಇವೇ. ಒಂದು ಹಿಡಿ ಚೂರು ಉಳಿಸಿಕೊಡುವುದೂ ಈ ಮೂರನ್ನೇ.

ಸೀಸೆ ಅಗ್ಗವಾದಾಗ

ಯಂತ್ರಗಳು ಬರುವವರೆಗೆ ಪ್ರತಿ ಸೀಸೆಯನ್ನೂ ಮನುಷ್ಯರೇ ಊದಿ ಮಾಡಬೇಕಿತ್ತು. ಒಳಗಿನ ಪಾನೀಯದಷ್ಟೇ ಕಾಳಜಿಯಿಂದ ವ್ಯಾಪಾರಿಗಳು ಸೀಸೆಯನ್ನೂ ನೋಡಿಕೊಳ್ಳುತ್ತಿದ್ದರು. ಖಾಲಿ ಸೀಸೆ ಹಿಂದಿರುಗಿಸಿದರೆ ಹಣ ಮರಳಿಸುವ ಪದ್ಧತಿ 1800ರ ಹೊತ್ತಿಗಾಗಲೇ ಡಬ್ಲಿನ್‌ನ ಸೋಡಾ ವ್ಯಾಪಾರದಲ್ಲಿತ್ತು. ನಮ್ಮ ಗೋಲಿ ಸೋಡಾದ ಸೀಸೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಅಂಗಡಿಯ ಮುಂದೆಯೇ ಕುಡಿದು ಅಲ್ಲೇ ಕೊಟ್ಟು ಹೋಗಬೇಕಾದ ಸೀಸೆ ಅದು. ಮುಂಬಯಿಯ ಆರೆ, ದೆಹಲಿಯ ಡಿಎಂಎಸ್ ಹಾಲಿನ ಬಾಟಲಿಗಳೂ ಹೀಗೆಯೇ ನಿತ್ಯ ಮನೆಗೂ ಡೇರಿಗೂ ಓಡಾಡುತ್ತಿದ್ದವು.

1903ರಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ಸೀಸೆಯನ್ನು ತಾನಾಗಿ ಮಾಡುವ ಯಂತ್ರವನ್ನು ರೂಪಿಸಿದ. ಸೀಸೆ ಅಗ್ಗವಾಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ‘ಹಿಂದಿರುಗಿಸಬೇಕಿಲ್ಲ’ ಎಂಬ ಬಾಟಲಿಗಳು, ಅವುಗಳ ಜೊತೆ ಡಬ್ಬಿಗಳು ಎಲ್ಲೆಡೆ ಹರಡಿದವು. ತೊಳೆದು ತುಂಬುವ ಖರ್ಚು ಕಂಪನಿಗಳಿಗೆ ಉಳಿಯಿತು, ಎತ್ತಿ ಸಾಗಿಸುವ ಖರ್ಚು ನಗರಸಭೆಗಳ ಹೆಗಲಿಗೆ ಬಿತ್ತು. ಇದರ ಮೊದಲ ಪೆಟ್ಟು ಬಿದ್ದದ್ದು ಹೊಲಗಳಿಗೆ. ವರ್ಮಾಂಟ್ ರಾಜ್ಯದಲ್ಲಿ ರಸ್ತೆಬದಿ ಎಸೆದ ಬಿಯರ್ ಬಾಟಲಿಗಳ ಚೂರು ಹುಲ್ಲಿನಲ್ಲಿ ಸೇರಿ ಹಸುಗಳ ಹೊಟ್ಟೆಗೆ ಹೋಗುತ್ತಿದೆಯೆಂದು ರೈತರು ದೂರಿದರು. 1953ರಲ್ಲಿ ಅಲ್ಲಿ ಮರಳಿಸಲಾಗದ ಬಿಯರ್ ಬಾಟಲಿಗಳನ್ನು ನಿಷೇಧಿಸುವ ಕಾನೂನು ಬಂತು. ನಾಲ್ಕೇ ವರ್ಷಕ್ಕೆ ಅದು ಬಿದ್ದುಹೋಯಿತು.

ಠೇವಣಿ ಮತ್ತು ಸಾರ್ವಜನಿಕ ತೊಟ್ಟಿ

1970ರ ದಶಕದಲ್ಲಿ ಎರಡು ದಾರಿಗಳು ತೆರೆದುಕೊಂಡವು. ಮೊದಲನೆಯದು ಅಮೆರಿಕದ ಆರೆಗಾನ್ ರಾಜ್ಯ 1971ರಲ್ಲಿ ಮಾಡಿದ ಬಾಟಲಿ ಕಾನೂನು: ಪ್ರತಿ ಬಿಯರ್, ತಂಪುಪಾನೀಯದ ಸೀಸೆ ಮತ್ತು ಡಬ್ಬಿಗೆ 5 ಸೆಂಟ್ ಠೇವಣಿ. ದಶಕಗಳು ಕಳೆದಂತೆ ಆ 5 ಸೆಂಟಿನ ಬೆಲೆ ಸವೆದು, ಹಿಂದಿರುಗುವ ಪ್ರಮಾಣ ಶೇ 64ರ ಆಸುಪಾಸಿಗೆ ಕುಸಿಯಿತು. 2017ರಲ್ಲಿ ಠೇವಣಿಯನ್ನು 10 ಸೆಂಟ್‌ಗೆ ಏರಿಸಿದ ಮೇಲೆ ಅದು ಶೇ 80 ದಾಟಿತು. ಜನ ಮೊದಲಿನವರೇ, ಬದಲಾದದ್ದು ಖಾಲಿ ಸೀಸೆಯ ಬೆಲೆ ಮಾತ್ರ.

ಎರಡನೆಯದು ಯುರೋಪಿನ ದಾರಿ. ಬ್ರಿಟನ್ನಿನ ಮೊದಲ ‘ಬಾಟಲ್ ಬ್ಯಾಂಕ್’ 1977ರ ಜೂನ್‌ನಲ್ಲಿ ಬಾರ್ನ್ಸ್‌ಲಿ ಪಟ್ಟಣದಲ್ಲಿ ಶುರುವಾಯಿತು. ಜರ್ಮನಿಯ ಬೀದಿಗಳಲ್ಲಿ ಬಿಳಿ, ಹಸಿರು, ಕಂದು ಗಾಜಿಗೆ ಪ್ರತ್ಯೇಕ ತೊಟ್ಟಿಗಳು ಬಂದವು. ಅಲ್ಲಿನ ಖನಿಜಜಲ ಕಂಪನಿಗಳು ಇನ್ನೂ ಮುಂದೆ ಹೋಗಿ 1969ರಿಂದ ಒಂದೇ ಮಾದರಿಯ ಬಾಟಲಿಯನ್ನು ಹಂಚಿಕೊಂಡವು. ಯಾವ ಊರಿನ ಬಾಟಲಿಯನ್ನು ಯಾವ ಕಂಪನಿ ಬೇಕಾದರೂ ತೊಳೆದು ತುಂಬಿಕೊಳ್ಳಬಹುದು. ಕರಗಿಸುವುದಕ್ಕಿಂತ ತೊಳೆಯುವುದು ಎಷ್ಟೋ ಅಗ್ಗವಾದ್ದರಿಂದ ಇದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಇಂದು ಯುರೋಪಿಯನ್ ಒಕ್ಕೂಟದಲ್ಲಿ ಗಾಜಿನ ಪ್ಯಾಕೇಜಿಂಗ್‌ನ ಶೇ 80ರಷ್ಟು ಮರುಬಳಕೆಗಾಗಿ ಸಂಗ್ರಹವಾಗುತ್ತದೆ.

ಒಂದೇ ಬುಟ್ಟಿಯ ತಪ್ಪು

ಅಮೆರಿಕದ ಬಹಳಷ್ಟು ನಗರಗಳು ಬೇರೆ ದಾರಿ ಹಿಡಿದವು. ಕಾಗದ, ಪ್ಲಾಸ್ಟಿಕ್, ಲೋಹ, ಗಾಜು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಸಿ ಒಂದೇ ಲಾರಿಯಲ್ಲಿ ಒತ್ತಿ ಸಾಗಿಸಿದವು. ಜನರಿಗೆ ಸುಲಭವಾಯಿತು, ಗಾಜಿಗೆ ಮಾತ್ರ ಮಾರಕವಾಯಿತು. ಒಡೆದ ಚೂರು ಕಾಗದದ ಕಟ್ಟಿಗೆ ಹೊಕ್ಕು ಅದನ್ನೂ ಕೆಡಿಸಿತು, ವಿಂಗಡಣೆಯ ಯಂತ್ರಗಳನ್ನು ಸವೆಸಿತು. ಅಲ್ಲಿನ ಪರಿಸರ ಸಂಸ್ಥೆಯ 2018ರ ಲೆಕ್ಕದಲ್ಲಿ ಗಾಜಿನ ಸೀಸೆ-ಜಾಡಿಗಳ ಮರುಬಳಕೆ ಶೇ 31ರಷ್ಟು ಮಾತ್ರ. ಹ್ಯೂಸ್ಟನ್ ನಗರ 2016ರಲ್ಲಿ ಮನೆಬಾಗಿಲ ಸಂಗ್ರಹದಿಂದ ಗಾಜನ್ನು ಕೈಬಿಟ್ಟು, 2019ರಲ್ಲಿ ಮತ್ತೆ ಸೇರಿಸಿಕೊಂಡಿತು.

ಸೋಲಿನಿಂದ ಕೆಲವರು ಪಾಠ ಕಲಿತರು. ಕಾನ್ಸಾಸ್ ಸಿಟಿಯಲ್ಲಿ ಒಂದು ಬಿಯರ್ ಕಂಪನಿಯ ಸ್ಥಾಪಕರು 2009ರಲ್ಲಿ ‘ರಿಪಲ್ ಗ್ಲಾಸ್’ ಸಂಸ್ಥೆ ಕಟ್ಟಿ, ಊರ ತುಂಬ ಗಾಜಿಗೆಂದೇ ನೇರಳೆ ಬಣ್ಣದ ತೊಟ್ಟಿಗಳನ್ನಿಟ್ಟರು. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯೂ 2019ರಿಂದ ನೇರಳೆ ತೊಟ್ಟಿಗಳ ಹಾದಿ ಹಿಡಿದಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು 2020ರಲ್ಲಿ ಆರಂಭಿಸಿದ ‘ಗ್ಲಾಸ್ ಹಾಫ್ ಫುಲ್’ ಸಂಸ್ಥೆ ಬಾಟಲಿಗಳನ್ನು ಪುಡಿಮಾಡಿ ಮರಳಾಗಿಸಿ, ಕೊಚ್ಚಿಹೋಗುತ್ತಿರುವ ಕರಾವಳಿಯನ್ನು ಕಟ್ಟಲು ಬಳಸುತ್ತಿದೆ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು-ಜಲ್ಲಿ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಎಚ್ಚರಿಸಿರುವಾಗ, ನದಿಗಳ ಒಡಲು ಬಗೆಯುವ ನಮ್ಮಂಥವರಿಗೆ ಇದು ಮುಖ್ಯ ಸಂಗತಿ. ಆದರೆ ಎಚ್ಚರವೂ ಬೇಕು. ದಪ್ಪ ಚೂರು ಕಾಂಕ್ರೀಟಿನ ಕ್ಷಾರದೊಡನೆ ವರ್ತಿಸಿ ಉಬ್ಬಿ ಬಿರುಕು ತರಬಲ್ಲದು, ನುಣ್ಣಗೆ ಅರೆದ ಗಾಜಿಗೆ ಆ ದೋಷ ಕಡಿಮೆ. ರಸ್ತೆಯ ತಳಹದಿಗೂ ಕಾಂಕ್ರೀಟಿಗೂ ಹೋಗಬೇಕಾದದ್ದು ಸೀಸೆಯಾಗಲು ಯೋಗ್ಯವಲ್ಲದ ಗಾಜು ಮಾತ್ರ.

ಗುಜರಿಯವರು ಕಟ್ಟಿದ ವ್ಯವಸ್ಥೆ

ನಮ್ಮಲ್ಲಿ ಗಾಜಿನ ಮರುಬಳಕೆಯನ್ನು ಕಟ್ಟಿದ್ದು ಸರ್ಕಾರವಲ್ಲ, ಗುಜರಿಯವರು. ಮನೆಮನೆಯಿಂದ ಕೊಂಡ ಬಾಟಲಿ ಬೀದಿಯ ಅಂಗಡಿಗೆ, ಅಲ್ಲಿಂದ ಬೆಂಗಳೂರಿನ ಜಾಲಿ ಮೊಹಲ್ಲಾದಂಥ ಸಗಟು ಕೇರಿಗೆ ಹೋಗುತ್ತದೆ. ಇಡಿಯಾಗಿರುವ ಬಿಯರ್ ಬಾಟಲಿ ತೊಳೆದು ಮತ್ತೆ ತುಂಬಲು ಹೋಗುತ್ತದೆ, ಒಡೆದದ್ದು ಕುಲುಮೆಗೆ. ಬಳೆಗಳ ಊರಾದ ಫಿರೋಜಾಬಾದಿನ ಕುಲುಮೆಗಳು ಬಹುಕಾಲದಿಂದ ಹಳೆಯ ಗಾಜನ್ನು ನೆಚ್ಚಿಕೊಂಡಿವೆ. ತಾಜಮಹಲನ್ನು ಹೊಗೆಯಿಂದ ಉಳಿಸಲು 1996ರಲ್ಲಿ ಸುಪ್ರೀಂ ಕೋರ್ಟ್ ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬದಲಾಗಲು ಆದೇಶಿಸಿದ ಮೇಲೆ ಇಂಧನ ಉಳಿತಾಯದ ಮಹತ್ವ ಅಲ್ಲಿ ಇನ್ನಷ್ಟು ಹೆಚ್ಚಿತು.

ಈ ವ್ಯವಸ್ಥೆಗೆ ಒಂದು ಮಿತಿಯಿದೆ. ಅದು ಲಾಭ ಇರುವುದನ್ನಷ್ಟೇ ಎತ್ತುತ್ತದೆ. ಗಾಜು ಭಾರ, ಬೆಲೆ ಕಡಿಮೆ. ಕರಗಿಸುವ ದೊಡ್ಡ ಕುಲುಮೆಗಳು ಹೈದರಾಬಾದಿನಂಥ ದೂರದ ಊರುಗಳಲ್ಲಿವೆ. ಹಾಗಾಗಿ ಉಪ್ಪಿನಕಾಯಿ ಜಾಡಿ, ಸಾಸ್ ಬಾಟಲಿ, ಚಿಕ್ಕ ಮದ್ಯದ ಸೀಸೆ, ಒಡೆದ ಲೋಟ ಇವನ್ನು ಕೇಳುವವರೇ ಇಲ್ಲ.

ಬೆಂಗಳೂರು ಕಸದ ಪಾಠವನ್ನು ಕಷ್ಟಪಟ್ಟೇ ಕಲಿತ ಊರು. ಇಲ್ಲಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆ ಘನತ್ಯಾಜ್ಯ ನಿಯಮಗಳು ಬಂದವು. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಕಸದ ಲಾರಿ ತಡೆದಾಗ ನಗರ ತತ್ತರಿಸಿತು. ವಾರ್ಡಿಗೊಂದು ಒಣತ್ಯಾಜ್ಯ ಸಂಗ್ರಹ ಕೇಂದ್ರದ ಯೋಜನೆ ಬಂತು, ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ‘ಹಸಿರು ದಳ’ದಂಥ ಸಂಸ್ಥೆ ಅವರ ಪರ ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ದ ವಿಂಗಡಣೆಯನ್ನು ಕಡ್ಡಾಯ ಮಾಡಿತು. ದೊಡ್ಡ ಹೆಜ್ಜೆಯೇ. ಆದರೆ ಗಾಜು ಈಗಲೂ ಕಾಗದ, ಪ್ಲಾಸ್ಟಿಕ್ ಜೊತೆಗೆ ಒಂದೇ ಚೀಲದಲ್ಲಿ ಬರುತ್ತದೆ, ದಾರಿಯಲ್ಲಿ ಒಡೆಯುತ್ತದೆ, ಸಂಗ್ರಹ ಕೇಂದ್ರದ ಹೆಂಗಸರ ಕೈ ಕೊಯ್ಯುತ್ತದೆ. ಅಮೆರಿಕದ ಒಂದೇ ಬುಟ್ಟಿಯ ತಪ್ಪನ್ನು ನಾವು ಚಿಕ್ಕ ಪ್ರಮಾಣದಲ್ಲಿ ಮಾಡುತ್ತಿದ್ದೇವೆ.

ನೀಲಗಿರಿ ತೋರಿಸಿದ್ದು

ಪಕ್ಕದ ನೀಲಗಿರಿಯ ಕಾಡುಗಳಲ್ಲಿ ಪ್ರವಾಸಿಗರು ಎಸೆದ ಮದ್ಯದ ಬಾಟಲಿಗಳ ಚೂರು ಆನೆಗಳ ಪಾದಕ್ಕೆ ಚುಚ್ಚಿ ಗಾಯವಾಗುತ್ತಿದ್ದ ವಿಷಯ ಮದ್ರಾಸ್ ಹೈಕೋರ್ಟ್ ಮುಂದೆ ಬಂತು. ಕೋರ್ಟಿನ ನಿರ್ದೇಶನದಂತೆ 2022ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ ₹10 ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸತೊಡಗಿದವು. ಬಾಟಲಿಗಳು ಹಿಂದಿರುಗಿದವು. ಯೋಜನೆ ಕೊಯಮತ್ತೂರು ಮೊದಲಾದ ಜಿಲ್ಲೆಗಳಿಗೂ ಹಬ್ಬಿತು. 2025ರಲ್ಲಿ ಕೇರಳ ₹20 ಠೇವಣಿಯ ಪ್ರಯೋಗ ಆರಂಭಿಸಿತು. ವರ್ಮಾಂಟಿನ ಹಸುಗಳಿಗಾಗಿ 1953ರಲ್ಲಿ ಎತ್ತಿದ್ದ ಪ್ರಶ್ನೆಗೆ ನೀಲಗಿರಿ ಕೊಟ್ಟ ಉತ್ತರ ಹೆಚ್ಚು ಗಟ್ಟಿಯಾದದ್ದು, ಏಕೆಂದರೆ ಅದು ನಿಷೇಧಿಸುವ ಬದಲು ಖಾಲಿ ಸೀಸೆಗೆ ಬೆಲೆ ಕಟ್ಟಿತು.

ಕೇಂದ್ರ ಪರಿಸರ ಸಚಿವಾಲಯವೂ 2024ರ ಡಿಸೆಂಬರ್‌ನಲ್ಲಿ ಕಾಗದ, ಗಾಜು, ಲೋಹದ ಪ್ಯಾಕೇಜಿಂಗ್‌ಗೆ ಉತ್ಪಾದಕರನ್ನೇ ಹೊಣೆ ಮಾಡುವ ಕರಡು ನಿಯಮಗಳನ್ನು ಪ್ರಕಟಿಸಿತು. ಪ್ಲಾಸ್ಟಿಕ್ಕಿಗೆ ಇದ್ದ ಈ ಹೊಣೆ ಗಾಜಿಗೂ ಬರಬೇಕಾದದ್ದು ನ್ಯಾಯವೇ.

ನಮ್ಮ ನಗರಗಳು ಮಾಡಬೇಕಾದದ್ದು

ಮೊದಲನೆಯದಾಗಿ, ಇಡೀ ಸೀಸೆ ಇಡಿಯಾಗಿಯೇ ಉಳಿಯಬೇಕು. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಒಂದೇ ಸರ್ಕಾರಿ ನಿಗಮದ ಮೂಲಕ ನಡೆಯುತ್ತದೆ. ಠೇವಣಿ ಪದ್ಧತಿ ತರಲು ಇದಕ್ಕಿಂತ ಅನುಕೂಲದ ಏರ್ಪಾಡು ಬೇರೆ ಇಲ್ಲ. ಎರಡನೆಯದಾಗಿ, ಗಾಜಿಗೆ ಪ್ರತ್ಯೇಕ ದಿನ, ಪ್ರತ್ಯೇಕ ಡಬ್ಬಿ ಬೇಕು. ತಿಂಗಳಿಗೊಮ್ಮೆ ಬಂದರೂ ಸಾಕು, ಗಾಜು ಕೊಳೆಯುವುದಿಲ್ಲ. ಮೂರನೆಯದಾಗಿ, ಗುಜರಿಯವರನ್ನೂ ಚಿಂದಿ ಆಯುವವರನ್ನೂ ಬದಿಗೊತ್ತದೆ, ಅವರು ಒಯ್ಯುವ ಅಗ್ಗದ ಗಾಜಿಗೆ ಪಾಲಿಕೆ ಸಾಗಣೆ ವೆಚ್ಚ ಕೊಡಬೇಕು. ಗುಡ್ಡಕ್ಕೆ ಸಾಗಿಸಿ ಹೂಳಲು ಈಗಲೂ ದುಡ್ಡು ಕೊಡುತ್ತಲೇ ಇದ್ದೇವೆ. ನಾಲ್ಕನೆಯದಾಗಿ, ಉಳಿದ ಚೂರನ್ನು ಜಿಲ್ಲೆಯಲ್ಲೇ ಅರೆದು ಲೋಕೋಪಯೋಗಿ ಕಾಮಗಾರಿಗಳಲ್ಲಿ ಪರೀಕ್ಷಿಸಿ ಬಳಸಬೇಕು.

ಈಗ ಐದು ಪಾಲಿಕೆಗಳಾಗಿರುವ ಬೆಂಗಳೂರಿನಲ್ಲಿ ಒಂದಾದರೂ ಪಾಲಿಕೆ ಇದನ್ನು ಮೊದಲು ಮಾಡಿ ತೋರಿಸಲಿ. ಜನರೇ ಸೇರಿ ಕುಂಬಾರಕೊಪ್ಪಲಿನಲ್ಲಿ ಒಣಕಸ ವಿಂಗಡಿಸುವ ಮೈಸೂರಿಗೂ ಇದು ಅಸಾಧ್ಯವಲ್ಲ. ಅಲ್ಲಿಯವರೆಗೆ ಓದುಗರು ಇಷ್ಟಾದರೂ ಮಾಡಬಹುದು: ಸೀಸೆಯನ್ನು ತೊಳೆದು, ಒಡೆಯದಂತೆ ಬೇರೆಯಾಗಿ ಕೊಡಿ. ಒಡೆದದ್ದನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಪೌರಕಾರ್ಮಿಕರ ಕೈಗೆ ಹೇಳಿ ಕೊಡಿ. ಮತ್ತು ನಿಮ್ಮ ವಾರ್ಡಿನ ಸಭೆಯಲ್ಲಿ ಗಾಜಿಗೆ ಪ್ರತ್ಯೇಕ ಸಂಗ್ರಹ ಯಾವಾಗ ಎಂದು ಕೇಳಿ, ಉತ್ತರ ಸಿಗುವವರೆಗೂ ಕೇಳಿ.