ಮುದ್ದೆಯ ಸೀಮೆಗೆ ಅನ್ನ ಬಂದದ್ದು

ನಮ್ಮ ಮಳವಳ್ಳಿ ಕಡೆ ಅನ್ನವೆಂದರೆ ಹಬ್ಬದೂಟ ಅನ್ನುತ್ತಿದ್ದಳು ಅಜ್ಜಿ. ದಿನದ ಹೊಟ್ಟೆಗೆ ಮುದ್ದೆ, ಉಪ್ಸಾರು. ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆ ಸುರಂಗ ಹಾದು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯ, ಮದ್ದೂರಿನತ್ತ ಹರಿದದ್ದೇ ತಡ, ರಾಗಿ ಹೊಲಗಳು ಗದ್ದೆಯಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದಿದ್ದವರು ಕೆನಡಾದ ಕೃಷಿತಜ್ಞ ಲೆಸ್ಲಿ ಕೋಲ್ಮನ್. ಕಬ್ಬಿನ ದುಡ್ಡು, ಗದ್ದೆಯ ಭತ್ತ ಸೇರಿ ಅನ್ನವನ್ನು ದಿನದೂಟವಾಗಿಸಿದವು.

ರಾಗಿಯೇನೂ ಸೋಲಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮದರೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು.

ರಾಗಿಯಲ್ಲಿ ನಾರು, ಸುಣ್ಣಾಂಶ ಹೆಚ್ಚು, ನಿಜ. ಆದರೆ ಮುದ್ದೆ ತಿಂದವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೆಂಬುದು ಬರೀ ಜಂಬ. ಮುದ್ದೆಯೂ ಪಿಷ್ಟವೇ. ಅಜ್ಜಿ ಹೊಲದಲ್ಲಿ ದುಡಿದು ಕರಗಿಸುತ್ತಿದ್ದಳು. ಕುರ್ಚಿಯಲ್ಲಿ ಕೂತವರು ಮುದ್ದೆಯ ಗಾತ್ರ ಇಳಿಸಿ, ಸೊಪ್ಪಿನ ಸಾರು ಹೆಚ್ಚು ಬಡಿಸಿಕೊಳ್ಳಿ.