ಆಸ್ತಿಯ ಪಾಲು ಬಂದರೆ ವೃದ್ಧಾಶ್ರಮದ ಆಸರೆ ತಪ್ಪುವುದೇ?

ಅರಸೀಕೆರೆಯ ತೆಂಗಿನ ತೋಟವಿರಲಿ, ಬೇಲೂರು, ಹಳೇಬೀಡಿನ ಹೊಲ-ಮನೆಯಿರಲಿ, ಮಗ ತೀರಿಕೊಂಡಾಗ ಆತನ ಆಸ್ತಿಯಲ್ಲಿ ವೃದ್ಧ ತಾಯಿಗೂ ಪಾಲುಂಟು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ಉಯಿಲು ಬರೆಯದೆ ಮೃತಪಟ್ಟವನ ಸ್ವಯಾರ್ಜಿತ ಆಸ್ತಿಗೆ ತಾಯಿ, ಪತ್ನಿ ಮತ್ತು ಮಕ್ಕಳು ಸಮಾನ ಹಕ್ಕುದಾರರು. ಪತ್ನಿ ಹಾಗೂ ಇಬ್ಬರು ಮಕ್ಕಳಿದ್ದರೆ ತಾಯಿಗೆ ನಾಲ್ಕನೇ ಒಂದು ಭಾಗ ದೊರೆಯುತ್ತದೆ. ಆದರೆ ಆ ತಾಯಿ ಸರ್ಕಾರಿ ಅನುದಾನದ ವೃದ್ಧಾಶ್ರಮದಲ್ಲಿದ್ದರೆ ಈ ಪಾಲೇ ಆಕೆಯ ಆಸರೆಗೆ ಕುತ್ತಾಗುವುದೇ?

ನಿರ್ಗತಿಕರೆಂದರೆ ಯಾರು?

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರ 19ನೇ ಕಲಂ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗಾಗಿ ವೃದ್ಧಾಶ್ರಮ ಸ್ಥಾಪಿಸಲು ಅವಕಾಶ ನೀಡಿದೆ. ಜೀವನ ನಿರ್ವಹಣೆಗೆ ಸಾಕಷ್ಟು ಆಧಾರವಿಲ್ಲದವರೇ ನಿರ್ಗತಿಕರು. ಇದನ್ನು ನಿರ್ಧರಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಆಸ್ತಿಯ ಮೌಲ್ಯ ಇಷ್ಟೇ ಇರಬೇಕೆಂಬ ಮಿತಿಯನ್ನು ಕಾಯ್ದೆ ಹೇಳಿಲ್ಲ. ಪಾಲು ಮಾರಿ ಹಣ ಕೈಸೇರಿದರೆ ಅಥವಾ ಬಾಡಿಗೆ ಬರತೊಡಗಿದರೆ ಅರ್ಹತೆ ಪ್ರಶ್ನಾರ್ಹವಾಗಬಹುದು. ಪೌತಿ ಖಾತೆಯಲ್ಲಿ ಹೆಸರಷ್ಟೇ ಇದ್ದು ಫಸಲನ್ನು ಇತರರು ಅನುಭವಿಸುತ್ತಿದ್ದರೆ, ಆ ಸಂಗತಿಯನ್ನು ಅಧಿಕಾರಿಗಳ ಗಮನಕ್ಕೆ ತರುವುದು ಅಗತ್ಯ.

ಹಕ್ಕು ಬಿಡುವ ಮುನ್ನ

ಆಶ್ರಮದ ಆಸರೆ ತಪ್ಪೀತೆಂಬ ಭಯದಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಅಪಾಯಕರ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತಿಗೆ ತಪ್ಪಿದರೆ, 23ನೇ ಕಲಂ ಅನ್ವಯ ಆ ಪತ್ರವನ್ನು ರದ್ದುಪಡಿಸಬಹುದು. ಆದರೆ ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಬಿಡುಗಡೆ ಪತ್ರವೊಂದರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ.

ವಾರಸುದಾರರ ಹೊಣೆ

ಇದೇ ಕಾಯ್ದೆಯಡಿ ಮಕ್ಕಳಷ್ಟೇ ಅಲ್ಲ, ವಯಸ್ಕ ಮೊಮ್ಮಕ್ಕಳೂ ಪೋಷಣೆಗೆ ಬಾಧ್ಯರು. ಮಕ್ಕಳಿಲ್ಲದ ವೃದ್ಧರನ್ನು ಅವರ ಆಸ್ತಿಗೆ ವಾರಸುದಾರರಾಗುವ, ಅನುಕೂಲವುಳ್ಳ ಬಂಧುಗಳು ಪೋಷಿಸಬೇಕು. ಇಂಥ ಬಂಧುಗಳು ಹಲವರಿದ್ದರೆ, ಬರಲಿರುವ ಪಾಲಿಗೆ ಅನುಗುಣವಾಗಿ ವೆಚ್ಚ ಹಂಚಿಕೆಯಾಗುತ್ತದೆ. ಕಾಯ್ದೆಯಲ್ಲಿ ಮಾಸಿಕ ಜೀವನಾಂಶಕ್ಕೆ ನಿಗದಿಯಾಗಿರುವ ಗರಿಷ್ಠ ಮಿತಿ 10,000 ರೂಪಾಯಿ.

ದೂರನ್ನು ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅರಸೀಕೆರೆ ತಾಲ್ಲೂಕು ಹಾಸನ ಉಪವಿಭಾಗಕ್ಕೆ, ಹಳೇಬೀಡು ಸೇರಿದ ಬೇಲೂರು ತಾಲ್ಲೂಕು ಸಕಲೇಶಪುರ ಉಪವಿಭಾಗಕ್ಕೆ ಒಳಪಟ್ಟಿವೆ. ತೀರ್ಪಿನಿಂದ ಅಸಮಾಧಾನಗೊಂಡ ವೃದ್ಧರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮಾಹಿತಿಗೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.