ಆಟಕ್ಕೂ ಮೊದಲಿನ ಪ್ರಶ್ನೆ: ಯಾವ ಆವೃತ್ತಿ?

ಹಳೆಯ ಕಂಪ್ಯೂಟರ್ ಆಟಗಳ ಸಿ.ಡಿ. ಪೆಟ್ಟಿಗೆಗಳ ಹಿಂಬದಿಯಲ್ಲಿ, ಬಣ್ಣದ ಚಿತ್ರಗಳ ಕೆಳಗೆ, ಸಣ್ಣ ಅಕ್ಷರಗಳ ಒಂದು ಪಟ್ಟಿ ಇರುತ್ತಿತ್ತು. ಎಷ್ಟು ವೇಗದ ಪ್ರೊಸೆಸರ್ ಬೇಕು, ರ‍್ಯಾಮ್ ಎಷ್ಟಿರಬೇಕು, ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಇರಬೇಕು ಎಂಬುದರ ಜೊತೆಗೆ ಡೈರೆಕ್ಟ್‌ಎಕ್ಸ್ ಎಂಬ ಹೆಸರು, ಅದರ ಮುಂದೊಂದು ಸಂಖ್ಯೆ. 2003ರಲ್ಲಿ ಕಂಪ್ಯೂಟರಿಗೆ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ’ ಕೇಳಿದ್ದು ಡೈರೆಕ್ಟ್‌ಎಕ್ಸ್ 9.0ಕ್ಕೆ ಹೊಂದುವ 32 ಎಂಬಿಯ ವಿಡಿಯೊ ಕಾರ್ಡನ್ನು. ಆ ಆಟದ ಕಥೆ, ಹಾಡು, ಕಾರುಗಳ ಬಗ್ಗೆ ಮಾತಾಡಿದವರು ಬೇಕಾದಷ್ಟು ಜನ. ಈ ಸಣ್ಣ ಅಕ್ಷರದ ಸಾಲನ್ನು ಚರಿತ್ರೆಯ ಆಕರವಾಗಿ ಓದಿದವರು ಕಡಿಮೆ. ಯಾರು ಆಡಬಹುದು, ಯಾರು ಪಕ್ಕದಲ್ಲಿ ನಿಂತು ನೋಡಬೇಕು ಎಂದು ತೀರ್ಮಾನಿಸುತ್ತಿದ್ದುದು ಮಾತ್ರ ಅದೇ ಸಾಲು.

ಮಂಗಳೂರಿನ ಕದ್ರಿಯನ್ನೇ ತೆಗೆದುಕೊಳ್ಳಿ. 1946ರಲ್ಲಿ ಹುಟ್ಟಿದ ಕರ್ನಾಟಕ ಪಾಲಿಟೆಕ್ನಿಕ್ ಇರುವುದು ಇಲ್ಲಿಯ ಗುಡ್ಡದ ಮೇಲೆ. ಊರವರಿಗೆ ಅದು ಬರೀ ‘ಕೆಪಿಟಿ’. 1976ರಲ್ಲಿ ಶುರುವಾದ ಆಕಾಶವಾಣಿ ಕೇಂದ್ರವೂ ಇದೇ ಗುಡ್ಡದಲ್ಲಿದೆ. ಯಂತ್ರಗಳ ಪರಿಚಯ ಈ ಜಾಗಕ್ಕೆ ಹೊಸದಲ್ಲ. ಈ ಶತಮಾನದ ಮೊದಲ ದಶಕದಲ್ಲಿ, ಕರ್ನಾಟಕದ ಇತರ ನಗರಗಳ ಹಾಗೆಯೇ, ಮಂಗಳೂರಿನಲ್ಲೂ ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಸೈಬರ್ ಕೆಫೆಗಳಿದ್ದವು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದು ಹೆಚ್ಚಾಗಿ ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ ‘ಅಸೆಂಬಲ್ಡ್’ ಪಿಸಿ. ಒಂದೇ ಹೊತ್ತಿಗೆ ಕೊಂಡ ಎರಡು ಮನೆಯ ಪಿಸಿಗಳ ಒಳಗು ಒಂದೇ ಇರಬೇಕೆಂದಿರಲಿಲ್ಲ. ಹಾಗಾಗಿ ಸಿ.ಡಿ. ಕೈಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ, ನಮ್ಮ ಯಂತ್ರದಲ್ಲಿ ಏನಿದೆ ಎಂದು ನೋಡುವುದು. ಸ್ಟಾರ್ಟ್ ಒತ್ತಿ, ರನ್ ತೆರೆದು, ‘ಡಿಎಕ್ಸ್‌ಡಯಾಗ್’ ಎಂದು ಟೈಪ್ ಮಾಡಿದರೆ ಒಂದು ಕಿಟಕಿ ಬರುತ್ತದೆ. ಮೊದಲ ಪುಟದಲ್ಲಿ ಡೈರೆಕ್ಟ್‌ಎಕ್ಸ್ ಆವೃತ್ತಿ. ‘ಡಿಸ್‌ಪ್ಲೇ’ ಪುಟದಲ್ಲಿ ಕಾರ್ಡಿನ ಹೆಸರು, ಅದರ ಮೆಮೊರಿ, ಡ್ರೈವರಿನ ತಾರೀಕು. ಇಂದಿನ ವಿಂಡೋಸಿನಲ್ಲೂ ಈ ಕಿಟಕಿ ಇದೆ.

ಈ ಪ್ರಶ್ನೆ ಹುಟ್ಟಿದ್ದಕ್ಕೆ ಒಂದು ಹಿನ್ನೆಲೆ ಇದೆ. ಡಾಸ್ ಕಾಲದಲ್ಲಿ ಆಟಗಳು ಯಾರನ್ನೂ ಕೇಳುತ್ತಿರಲಿಲ್ಲ. ನೇರವಾಗಿ ಕಾರ್ಡಿನ ಮೆಮೊರಿಗೆ ಚಿತ್ರ ಬರೆಯುತ್ತಿದ್ದವು. ವೇಗ ಸಿಗುತ್ತಿತ್ತು, ಆದರೆ ಪ್ರತಿಯೊಂದು ಬಗೆಯ ಕಾರ್ಡಿನ ಮರ್ಜಿಯನ್ನೂ ಆಟ ಬರೆದವರೇ ತಿಳಿದಿರಬೇಕಿತ್ತು. ವಿಂಡೋಸ್ ಬಂದ ಮೇಲೆ ಅದು ನಡುವೆ ನಿಂತಿತು. ಸುರಕ್ಷಿತ, ಆದರೆ ನಿಧಾನ. 1994ರಲ್ಲಿ ಮೈಕ್ರೋಸಾಫ್ಟ್ ‘ವಿನ್‌ಜಿ’ ಎಂಬ ಪರಿಹಾರ ಕೊಟ್ಟಿತು. ಅದನ್ನು ನಂಬಿ ಡಿಸ್ನಿ ಕಂಪನಿ ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ‘ಲಯನ್ ಕಿಂಗ್’ ಕಥೆಯ ಸಿ.ಡಿ. ಹೊರತಂದಿತು. ಕಾಂಪ್ಯಾಕ್ ಪ್ರಿಸಾರಿಯೊ ಕಂಪ್ಯೂಟರುಗಳ ಡ್ರೈವರಿಗೂ ವಿನ್‌ಜಿಗೂ ಹೊಂದಲಿಲ್ಲ. ಹಬ್ಬದ ದಿನ ಮಕ್ಕಳು ಸಿ.ಡಿ. ಹಾಕಿದರೆ ಯಂತ್ರವೇ ಕುಸಿದುಬೀಳುತ್ತಿತ್ತು. ಅಪ್ಪ ಅಮ್ಮಂದಿರ ದೂರಿನ ಕರೆಗಳಿಗೆ ಉತ್ತರ ಕೊಡುವುದೇ ಡಿಸ್ನಿಗೆ ಕಷ್ಟವಾಯಿತು.

ವಿಂಡೋಸ್ 95 ಆಗ ತಯಾರಾಗುತ್ತಿತ್ತು. ಅದರ ಮೇಲೆ ಆಟ ಓಡದಿದ್ದರೆ ಜನ ಡಾಸ್ ಬಿಟ್ಟು ಬರುವುದಿಲ್ಲ ಎಂದು ಮೈಕ್ರೋಸಾಫ್ಟಿನಲ್ಲಿ ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್, ಎರಿಕ್ ಎಂಗ್‌ಸ್ಟ್ರಾಮ್ ಎಂಬ ಮೂವರು ಹಟ ಹಿಡಿದರು. 1995ರ ಸೆಪ್ಟೆಂಬರಿನಲ್ಲಿ ಡೈರೆಕ್ಟ್‌ಎಕ್ಸಿನ ಮೊದಲ ಆವೃತ್ತಿ ಹೊರಬಿತ್ತು. ಅದನ್ನು ಒಬ್ಬ ದುಭಾಷಿ ಎನ್ನಬಹುದು. ಆಟ ಒಂದು ಭಾಷೆಯಲ್ಲಿ ಕೇಳುತ್ತದೆ, ಡ್ರೈವರ್ ಅದನ್ನು ತನ್ನ ಕಾರ್ಡಿನ ಭಾಷೆಗೆ ತಿರುಗಿಸುತ್ತದೆ. ದುಭಾಷಿಗೆ ಎಷ್ಟು ಮಾತು ಗೊತ್ತು ಎಂಬುದರ ಅಳತೆಯೇ ಆವೃತ್ತಿ.

ಆ ಕಾಲದಲ್ಲಿ ದುಭಾಷಿಗಳು ಹಲವರಿದ್ದರು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಓಪನ್‌ಜಿಎಲ್ 1992ರಲ್ಲೇ ಬಂದಿತ್ತು. 1996ರಲ್ಲಿ ವೂಡೂ ಕಾರ್ಡ್ ತಂದ 3ಡಿಎಫ್‌ಎಕ್ಸ್ ಕಂಪನಿಗೆ ತನ್ನದೇ ಆದ ‘ಗ್ಲೈಡ್’ ಇತ್ತು. ಸೈಬರ್ ಕೆಫೆಗಳ ಅಚ್ಚುಮೆಚ್ಚಿನ ಆಟ ‘ಕೌಂಟರ್ ಸ್ಟ್ರೈಕ್’ ಆಡಿದವರಿಗೆ ಅದರ ವಿಡಿಯೊ ಪುಟ ನೆನಪಿರಬಹುದು: ಸಾಫ್ಟ್‌ವೇರ್, ಓಪನ್‌ಜಿಎಲ್, ಡೈರೆಕ್ಟ್3ಡಿ ಎಂಬ ಮೂರು ಆಯ್ಕೆಗಳು. ಒಂದರಲ್ಲಿ ತಡವರಿಸಿದರೆ ಇನ್ನೊಂದಕ್ಕೆ ಹೋಗುವುದು. ಓಪನ್‌ಜಿಎಲ್‌ನ ಆವೃತ್ತಿಯನ್ನು ಹೇಳುವುದು ಕಾರ್ಡಿನ ಡ್ರೈವರ್. ಕಾರ್ಡ್ ಕಂಪನಿಯ ಡ್ರೈವರ್ ಹಾಕದೆ ಬಿಟ್ಟರೆ ವಿಂಡೋಸ್ ತನ್ನ ಬಳಿ ಇರುವ 1.1 ಆವೃತ್ತಿಯನ್ನು ತೋರಿಸುತ್ತದೆ. ಎಷ್ಟು ಒಳ್ಳೆಯ ಕಾರ್ಡಿದ್ದರೂ ಆಟ ತೆವಳುತ್ತದೆ.

ಸಂಖ್ಯೆ ನೋಡಿದರೆ ಆಟ ಓಡುತ್ತದೋ ಇಲ್ಲವೋ ಗೊತ್ತಾಗಬೇಕು ಎಂಬುದು ಇದರ ಉದ್ದೇಶ. ಆದರೆ ಈ ಸಂಖ್ಯೆಗಳ ಚರಿತ್ರೆ ಅಷ್ಟು ನೇರವಾಗಿಲ್ಲ. ಮೂರರ ನಂತರ ನಾಲ್ಕು ಬರಲೇ ಇಲ್ಲ. 1996ರ ಡೈರೆಕ್ಟ್‌ಎಕ್ಸ್ 3ರಿಂದ 1997ರ 5ಕ್ಕೆ ಜಿಗಿದರು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ 9.0ಸಿ, ಕಿಟಕಿಯೊಳಗೆ 4.09.0000.0904 ಎಂದು ಕಾಣಿಸುತ್ತಿತ್ತು. ಇವು ಚಿಲ್ಲರೆ ವಿಷಯ. ದೊಡ್ಡ ತೊಡಕುಗಳು ಬೇರೆ ಇದ್ದವು.

ಮೊದಲನೆಯದು, ಹಾಕಿಕೊಂಡ ಆವೃತ್ತಿಗೂ ಕಾರ್ಡಿನ ಶಕ್ತಿಗೂ ಇರುವ ಅಂತರ. ಡೈರೆಕ್ಟ್‌ಎಕ್ಸ್ 9ನ್ನು ಯಾವ ಹಳೆಯ ಯಂತ್ರಕ್ಕೆ ಹಾಕಿದರೂ ಕಿಟಕಿ 9 ಎಂದೇ ಹೇಳುತ್ತದೆ. ಬೆಳಕು, ನೆರಳು, ನೀರಿನ ಹೊಳಪನ್ನು ಲೆಕ್ಕ ಹಾಕುವ ಪಿಕ್ಸೆಲ್ ಶೇಡರ್ ಕಾರ್ಡಿನಲ್ಲೇ ಇಲ್ಲದಿದ್ದರೆ ಆ 9ರಿಂದ ಪ್ರಯೋಜನವಿಲ್ಲ. 2002ರಲ್ಲಿ ಬಂದ ಅಗ್ಗದ ಜಿಫೋರ್ಸ್4 ಎಂಎಕ್ಸ್ ಕಾರ್ಡಿನ ಹೆಸರಿನಲ್ಲಿ ನಾಲ್ಕಿತ್ತು, ಒಳಗಿದ್ದುದು ಎರಡನೆಯ ತಲೆಮಾರಿನ ತಂತ್ರ. ಮೂರನೆಯ ತಲೆಮಾರಿನಲ್ಲಿದ್ದ ಪಿಕ್ಸೆಲ್ ಶೇಡರ್ ಈ ನಾಲ್ಕರಲ್ಲಿ ಇರಲಿಲ್ಲ. ಮರುವರ್ಷ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಈ ಕಾರ್ಡಿಗೆ ತನ್ನ ಬೆಂಬಲವಿಲ್ಲ ಎಂದು ಹೆಸರು ಹಿಡಿದೇ ಹೇಳಿತು. ಇನ್ನು ಇಂಟೆಲ್ 845ಜಿಯಂಥ ಮದರ್‌ಬೋರ್ಡಿನಲ್ಲೇ ಸೇರಿಕೊಂಡಿದ್ದ ಗ್ರಾಫಿಕ್ಸನ್ನು ನಂಬಿದವರ ಪಾಡು ಹೇಳುವುದೇ ಬೇಡ. ಹುಡುಗರು ‘3ಡಿ ಅನಲೈಜ್’ ಎಂಬ ಪುಟ್ಟ ತಂತ್ರಾಂಶ ತಂದು, ಇಲ್ಲದ ಸಾಮರ್ಥ್ಯ ಇದೆ ಎಂದು ಆಟವನ್ನು ನಂಬಿಸುತ್ತಿದ್ದರು. ಪ್ರೊಸೆಸರಿನ ಮೇಲೆಯೇ ಶೇಡರ್ ಲೆಕ್ಕ ಮಾಡಿಸುವ ‘ಸ್ವಿಫ್ಟ್‌ಶೇಡರ್’ 2005ರಲ್ಲಿ ಬಂತು. ಆಟ ಶುರುವಾಗುತ್ತಿತ್ತು, ಓಡುವ ಬದಲು ಚಿತ್ರದ ಮೇಲೆ ಚಿತ್ರವಾಗಿ ಸರಿಯುತ್ತಿತ್ತು.

ಎರಡನೆಯದು ಇನ್ನೂ ಸೂಕ್ಷ್ಮ: ಹೆಸರು ಒಂದೇ, ಒಳಗಿನ ಸರಕು ಬೇರೆ. 9.0ಸಿ ಬಂದದ್ದು 2004ರ ಆಗಸ್ಟಿನಲ್ಲಿ. 2005ರ ಫೆಬ್ರುವರಿಯಿಂದ ಆಟ ಬರೆಯುವವರಿಗಾಗಿ ಮೈಕ್ರೋಸಾಫ್ಟ್ ‘ಡಿ3ಡಿಎಕ್ಸ್9’ ಎಂಬ ಸಹಾಯಕ ಕಡತವನ್ನು 24, 25, 26 ಎಂದು ಸಂಖ್ಯೆ ಕೊಡುತ್ತ ಹೊರಬಿಡತೊಡಗಿತು. 2010ರ ಜೂನಿನಲ್ಲಿ ಅದು 43ಕ್ಕೆ ನಿಂತಿತು. ಇಷ್ಟೂ ಕಾಲ ಕಿಟಕಿಯಲ್ಲಿ ಕಾಣುತ್ತಿದ್ದುದು ಅದೇ 9.0ಸಿ. ಆಟ ಮಾತ್ರ ಇಂಥ ಸಂಖ್ಯೆಯ ಕಡತ ಸಿಗಲಿಲ್ಲ ಎಂದು ಹಟ ಹಿಡಿದು ನಿಲ್ಲುತ್ತಿತ್ತು. ಹೆಚ್ಚಿನ ಆಟಗಳ ಸಿ.ಡಿ.ಯಲ್ಲೇ ಡೈರೆಕ್ಟ್‌ಎಕ್ಸ್ ಇರುತ್ತಿದ್ದುದರಿಂದ, ಇಂಟರ್ನೆಟ್ ಇಲ್ಲದ ಮನೆಗಳಲ್ಲೂ ಹೊಸ ಕಡತ ಸೇರುತ್ತಿತ್ತು. ಗೆಳೆಯನ ಯಂತ್ರದಿಂದ ಆಟದ ಫೋಲ್ಡರನ್ನಷ್ಟೇ ಕಾಪಿ ಮಾಡಿ ತಂದವರಿಗೆ ಸಿಗುತ್ತಿದ್ದುದು ಆ ದೋಷದ ಸಂದೇಶ.

ಹೆಸರನ್ನು ನಂಬದೆ ಒಳಗನ್ನು ನೋಡಬೇಕೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸ ಪಾಠವಲ್ಲ. ಇದೇ ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಕಂಚಿನ ಲೋಕೇಶ್ವರ ವಿಗ್ರಹದ ಬಗ್ಗೆ ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ಬೌದ್ಧ ಅವಲೋಕಿತೇಶ್ವರನೋ, ಶೈವ ರೂಪವೋ, ಎರಡೂ ಕೂಡಿದ್ದೋ ಎಂಬ ಆ ಚರ್ಚೆಗೆ ನೆಲೆ ಒದಗಿಸಿದ್ದು ಪೀಠದ ಶಾಸನ. ಆಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದು ಹೇಳುತ್ತದೆ, ಕ್ರಿ.ಶ. 968ಕ್ಕೆ ಸರಿಹೊಂದುವ ಕಾಲವನ್ನೂ ಕೊಡುತ್ತದೆ. ಪೀಠದಲ್ಲಿ ಆ ಸಾಲುಗಳಿಲ್ಲದಿದ್ದರೆ ಶಿಲ್ಪದ ಶೈಲಿ ನೋಡಿ ಕಾಲ ಊಹಿಸಬೇಕಾಗುತ್ತಿತ್ತು. ಮಾಡಿದ ಕಾಲ, ಮಾಡಿಸಿದವನ ಹೆಸರು, ಇಟ್ಟ ಜಾಗ ವಸ್ತುವಿನ ಮೇಲೇ ಇರುವುದು ದೊಡ್ಡ ಭಾಗ್ಯ.

ಮೂರನೆಯ ತೊಡಕು ತಂತ್ರದ್ದಲ್ಲ, ವ್ಯಾಪಾರದ್ದು. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂತು. ಡೈರೆಕ್ಟ್‌ಎಕ್ಸ್ 10 ಅದಕ್ಕಷ್ಟೇ ಮೀಸಲು, ಎಕ್ಸ್‌ಪಿ 9.0ಸಿಯಲ್ಲೇ ಉಳಿಯಿತು. ಅದೇ ವರ್ಷ ‘ಹ್ಯಾಲೊ 2’ ಆಟವನ್ನು ವಿಸ್ಟಾ ಬೇಕೇ ಬೇಕು ಎಂದು ಮಾರಿದರು. ಆಟ ನಿಜಕ್ಕೂ ಬಳಸುತ್ತಿದ್ದುದು ಡೈರೆಕ್ಟ್‌ಎಕ್ಸ್ 9ನ್ನು. ಬೀಗ ಬಿಚ್ಚಿದವರ ಎಕ್ಸ್‌ಪಿ ಯಂತ್ರಗಳಲ್ಲೂ ಅದು ಓಡಿತು. ಅಗತ್ಯ ಎಂದು ಬರೆದದ್ದೆಲ್ಲ ಯಂತ್ರದ ಅಗತ್ಯವಾಗಿರುವುದಿಲ್ಲ. 2009ರ ಡೈರೆಕ್ಟ್‌ಎಕ್ಸ್ 11ರ ಹೊತ್ತಿಗೆ ಒಂದು ವಿಷಯವನ್ನು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಂತಾಯಿತು: ತಂತ್ರಾಂಶದ ಆವೃತ್ತಿ ಬೇರೆ, ಕಾರ್ಡಿನ ‘ಫೀಚರ್ ಲೆವೆಲ್’ ಬೇರೆ. ಇಂದು ವಿಂಡೋಸ್ 10ರ ಮೊದಲ ಪುಟದಲ್ಲಿ ಡೈರೆಕ್ಟ್‌ಎಕ್ಸ್ 12 ಎಂದಿದ್ದರೆ ಅಲ್ಲಿಗೇ ನಿಲ್ಲಬಾರದು. ‘ಡಿಸ್‌ಪ್ಲೇ’ ಪುಟದಲ್ಲಿ ಫೀಚರ್ ಲೆವೆಲ್‌ಗಳ ಸಾಲಿದೆ. ಆಟ ಓಡುವುದು ಆ ಸಾಲಿನ ಬಲದಿಂದ.

ಇದೆಲ್ಲ ಆಟಗಾರರ ಪಾಡು, ಸಾಹಿತ್ಯ ಓದುವವರಿಗೇನು ಎಂದು ಕೇಳಬಹುದು. ಕನ್ನಡ ಓದಲು ಹೊರಟವರೂ ಇದೇ ಪರೀಕ್ಷೆ ಬರೆದವರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ದಾರಿ ತೋರಿಸಿದ್ದರು. ಯುನಿಕೋಡ್ ಕನ್ನಡ ತೆರೆಯ ಮೇಲೆ ಸರಿಯಾಗಿ ಮೂಡಲು ವಿಂಡೋಸಿನ ಆವೃತ್ತಿಯೂ ಒಪ್ಪಬೇಕಿತ್ತು. 2001ರ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು. ಅಲ್ಲೂ ಸಂಕೀರ್ಣ ಲಿಪಿಗಳ ಕಡತಗಳನ್ನು ಸಿ.ಡಿ.ಯಿಂದ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಅಕ್ಷರ ಜೋಡಿಸುವ ‘ಯುನಿಸ್ಕ್ರೈಬ್’ ಹಳೆಯದಾಗಿದ್ದರೆ ಒತ್ತಕ್ಷರ ಬಿಚ್ಚಿಕೊಳ್ಳುತ್ತಿತ್ತು. ವಿಂಡೋಸ್ 7ರ ಜೊತೆ ಬಂದ, ಅಕ್ಷರ ಮೂಡಿಸುವ ‘ಡೈರೆಕ್ಟ್‌ರೈಟ್’ ಸೇರಿರುವುದು ಡೈರೆಕ್ಟ್‌ಎಕ್ಸ್ ಬಳಗಕ್ಕೇ. ಆಟದ ಕಾರಿಗೂ ನಮ್ಮ ಕಾಗುಣಿತಕ್ಕೂ ಇಂದು ದುಭಾಷಿಗಳು ಒಂದೇ ಮನೆಯವರು.

ಇಲ್ಲಿ ಕಳೆದುಹೋಗುವ ಅಪಾಯವೂ ಇದೆ. ಡೈರೆಕ್ಟ್‌ಎಕ್ಸಿನ ಹಳೆಯ ‘ರಿಟೇನ್ಡ್ ಮೋಡ್’ ಎಂಬ ಭಾಗವನ್ನು ವಿಸ್ಟಾದಲ್ಲಿ ಕೈಬಿಟ್ಟರು. ಅದನ್ನು ನಂಬಿದ್ದ 1997ರ ‘ಲೆಗೊ ಐಲ್ಯಾಂಡ್’ ಹೊಸ ವಿಂಡೋಸಿನಲ್ಲಿ ಇದ್ದ ಹಾಗೆ ಓಡುವುದಿಲ್ಲ. ಕರ್ನಾಟಕದ ದುಡಿಮೆಯೂ ಇಂಥ ಚರಿತ್ರೆಯೊಳಗಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದು. ‘ಫೋರ್ಜಾ ಹೊರೈಜನ್ 4’ನಂಥ ಆಟಗಳಲ್ಲಿ ಅಲ್ಲಿಯ ಕಲಾವಿದರ ಕೆಲಸವಿದೆ. 2019ರಲ್ಲಿ ಧ್ರುವವನ್ನು ಕೊಂಡದ್ದು, ‘ವೈಸ್ ಸಿಟಿ’ಯನ್ನು ಹೊರತಂದ ರಾಕ್‌ಸ್ಟಾರ್ ಕಂಪನಿ. 2018ರ ‘ಫೋರ್ಜಾ ಹೊರೈಜನ್ 4’ಕ್ಕೆ ಡೈರೆಕ್ಟ್‌ಎಕ್ಸ್ 12 ಬೇಕು. 2024ರ ಡಿಸೆಂಬರಿನಲ್ಲಿ ಅದನ್ನು ಮಾರಾಟದಿಂದಲೇ ತೆಗೆದರು. ಈಗಾಗಲೇ ಕೊಂಡವರ ಬಳಿ ಇರುವ ಪ್ರತಿಗಳು ಇನ್ನು ಮೂವತ್ತು ವರ್ಷದ ನಂತರ ಯಾವ ಯಂತ್ರದಲ್ಲಿ ತೆರೆದುಕೊಳ್ಳಬೇಕು?

ದಾರಿ ಪೂರ್ತಿ ಮುಚ್ಚಿಲ್ಲ. 2018ರಿಂದ ಲಿನಕ್ಸಿನಲ್ಲಿ ‘ಡಿಎಕ್ಸ್‌ವಿಕೆ’ ಎಂಬ ಮುಕ್ತ ತಂತ್ರಾಂಶ ಡೈರೆಕ್ಟ್3ಡಿಯ ಮಾತನ್ನು ‘ವಲ್ಕನ್’ ಎಂಬ ಹೊಸ ಭಾಷೆಗೆ ತಿರುಗಿಸುತ್ತಿದೆ. ಎಷ್ಟೋ ಹಳೆಯ ಆಟಗಳು ಅಲ್ಲಿ ಜೀವ ಹಿಡಿದಿವೆ. ಆದರೆ ಹೀಗೆ ತಿರುಗಿಸಲೂ ಮೂಲದಲ್ಲಿ ಯಾವ ಆವೃತ್ತಿ ಬೇಕಿತ್ತು ಎಂಬುದು ಗೊತ್ತಿರಬೇಕು. ನಮ್ಮ ಗ್ರಂಥಾಲಯಗಳು ಪುಸ್ತಕದ ಮುದ್ರಣ, ಮರುಮುದ್ರಣಗಳನ್ನು ಬರೆದಿಡುತ್ತವೆ. ಸಿ.ಡಿ. ಒಂದನ್ನು ಕಪಾಟಿಗೆ ಸೇರಿಸುವಾಗ ಅದು ಕೇಳುವ ವಿಂಡೋಸ್ ಯಾವುದು, ಡೈರೆಕ್ಟ್‌ಎಕ್ಸ್ ಯಾವುದು, ಫಾಂಟ್ ಯಾವುದು ಎಂದು ಬರೆಯುವುದೂ ಅಷ್ಟೇ ಮುಖ್ಯವಾದ ಕೆಲಸ.

ಮನೆಯಲ್ಲಿ ಧೂಳು ಹಿಡಿದ ಹಳೆಯ ಪಿಸಿ ಇದ್ದು ಅದು ಇನ್ನೂ ಹತ್ತಿಕೊಳ್ಳುವುದಾದರೆ, ಗುಜರಿಗೆ ಹಾಕುವ ಮೊದಲು ಐದು ನಿಮಿಷ ಕೊಡಿ. ಡಿಎಕ್ಸ್‌ಡಯಾಗ್ ತೆರೆದರೆ ಕೆಳಗೆ ‘ಸೇವ್ ಆಲ್ ಇನ್ಫರ್ಮೇಶನ್’ ಎಂಬ ಗುಂಡಿ ಇದೆ. ಒತ್ತಿದರೆ ಸರಳ ಪಠ್ಯದ ಒಂದು ಕಡತ ಸಿಗುತ್ತದೆ. ಮೊದಲಿಗೆ ಆ ದಿನದ ತಾರೀಕು, ವೇಳೆ. ಆಮೇಲೆ ಯಂತ್ರದ ಹೆಸರು, ಪ್ರೊಸೆಸರ್, ಮೆಮೊರಿ, ಕಾರ್ಡು, ಡ್ರೈವರು. ಆ ಯಂತ್ರದಲ್ಲಿ ಏನು ಆಡಲು ಆಗುತ್ತಿತ್ತು, ಏನು ಆಗುತ್ತಿರಲಿಲ್ಲ ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಹುಡುಕಲು ಅಷ್ಟು ಸಾಕು. ಆ ಕಡತವನ್ನು ಆಟದ ಸಿ.ಡಿ.ಯ ಜೊತೆಗೇ ಇಟ್ಟುಬಿಡಿ.